ಮರದ ಕತ್ತಿ ಸುಡುವ ಆಟ

ಅರವತ್ತೊಂದನೆಯ ವಯಸ್ಸಿನಲ್ಲಿ, ಒಂದೇ ವಾರದಲ್ಲಿ, ನಾನು ನನ್ನ ಮಗಳ ಕೈಯಲ್ಲಿ ಹನ್ನೊಂದು ಸಲ ಸೋತೆ. ಹನ್ನೆರಡನೆಯ ಸಲವೂ ಸೋಲುತ್ತಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು.

ಸೋತದ್ದು ಎಲೆಯಾಟದಲ್ಲಿ ಎಂಬುದೇ ನನಗೆ ನೋವು. ಊಟಕ್ಕೂ ಎಲೆ, ತಾಂಬೂಲಕ್ಕೂ ಎಲೆ, ಆಟಕ್ಕೂ ಎಲೆ ಎನ್ನುವ ಜನ ನಾವು. ಮೂರರಲ್ಲೂ ನಾನು ಹಿಂದೆ ಬಿದ್ದವನಲ್ಲ. ಮೂವತ್ತು ವರ್ಷ ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ಹಿಡಿದು ಕೋಟೆ ಪ್ರದೇಶದ ಆಫೀಸಿಗೆ ಹೋದವನು. ನಾಲ್ವರು ಮಂಡಿಗೆ ಮಂಡಿ ತಾಗಿಸಿ ಕೂತು, ನಡುವೆ ಬ್ರೀಫ್‌ಕೇಸ್ ಇಟ್ಟು, ಅದರ ಮೇಲೆ ಟವೆಲು ಹಾಸಿ ಇಪ್ಪತ್ತೆಂಟು ಎಂಬ ಎಲೆಯಾಟ ಆಡುತ್ತಿದ್ದೆವು. ಯಾವ ಗುಲಾಮ ಬಿದ್ದ, ಯಾವ ಒಂಬತ್ತು ಇನ್ನೂ ಯಾರ ಕೈಯಲ್ಲಿ ಅಡಗಿದೆ ಎಂದು ಠಾಣೆ ಸ್ಟೇಷನ್ ದಾಟುವಷ್ಟರಲ್ಲಿ ಹೇಳಿಬಿಡುತ್ತಿದ್ದೆ. ನಿವೃತ್ತಿಯಾಗಿ ಠಾಕುರ್ಲಿಯ ಫ್ಲ್ಯಾಟಿನಲ್ಲಿ ಕೂತ ಮೇಲೆ ಕೈಗೆ ಎಲೆಯೂ ಇಲ್ಲ, ಎದುರಿಗೆ ಮಂಡಿಯೂ ಇಲ್ಲ.

ಮಗಳು ಅನ್ವಿತಾ ಆಡುವುದು ಬೇರೆ ಜಾತಿಯ ಆಟ. ಅದರಲ್ಲಿ ಇಸ್ಪೀಟು, ಆಟೀನು ಯಾವುದೂ ಇಲ್ಲ. ಮಾಟಗಾತಿ, ಗುರಾಣಿ, ಬೆಂಕಿಬಾಣ, ಡ್ರ್ಯಾಗನ್ ಇವೆ. ಎಲ್ಲರಿಗೂ ಮೊದಲು ಸಿಗುವುದು ಒಂದೇ ತರದ ಹತ್ತು ದರಿದ್ರ ಎಲೆ: ಕೆಲವು ತಾಮ್ರದ ನಾಣ್ಯ, ಕೆಲವು ಮರದ ಕತ್ತಿ. ಆ ನಾಣ್ಯ ಕೊಟ್ಟು ಮೇಜಿನ ನಡುವಿನ ಸಾಲಿನಿಂದ ಒಳ್ಳೆಯ ಎಲೆ ಕೊಂಡು ನಿಮ್ಮ ಕಟ್ಟನ್ನು ನೀವೇ ಬೆಳೆಸಬೇಕು. ಕೊಂಡದ್ದು, ಆಡಿದ್ದು ಎಲ್ಲ ಪಕ್ಕದ ರಾಶಿಗೆ ಹೋಗುತ್ತದೆ; ಕಟ್ಟು ಮುಗಿದಾಗ ರಾಶಿಯನ್ನು ಕಲಸಿದರೆ ಮತ್ತೆ ಕೈಗೆ ಬರುತ್ತದೆ. ಎದುರಾಳಿಯ ಕೋಟೆಯ ಅಂಕವನ್ನು ಸೊನ್ನೆಗೆ ಇಳಿಸಿದವನು ಗೆದ್ದ. ಬೇಡದ ಎಲೆಗಳನ್ನು ಆಟದಿಂದಲೇ ತೆಗೆದುಹಾಕುವ ಅವಕಾಶವೂ ಉಂಟು. ಅದಕ್ಕೆ ಸುಡುವುದು ಎನ್ನುತ್ತಾರೆ. ಹಳೆಯ ರೈಲ್ವೆ ಪಾಸುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡ ನನ್ನಂಥವನಿಗೆ ಆ ಒಂದು ಕೆಲಸ ಮಾತ್ರ ಕೈಹತ್ತಲಿಲ್ಲ.

ವಾಶಿಯಲ್ಲಿ ಈ ಆಟದ ಜೋಡಿ ಪಂದ್ಯ ಇತ್ತು. ಹೋದ ವರ್ಷ ಅನ್ವಿತಾ ಮತ್ತು ಕಾಮೋಠೆಯ ಅವಳ ಗೆಳತಿ ಋತುಜಾ ಸೆಮಿಫೈನಲಿನಲ್ಲಿ ಸೋತು ಅಳುತ್ತಾ ಬಂದಿದ್ದರು. ಈ ವರ್ಷ ಗೆದ್ದರೆ ಪುಣೆಯ ದೊಡ್ಡ ಪಂದ್ಯಕ್ಕೆ ದಾರಿ. ವಾಶಿಯ ಪಂದ್ಯಕ್ಕೆ ಎಂಟು ದಿನ ಇರುವಾಗ ಋತುಜಾಳ ಮೈತುಂಬ ಸಿಡುಬಿನಂಥ ಗುಳ್ಳೆ ಎದ್ದವು. ಚಿಕನ್‌ಪಾಕ್ಸ್. ಅನ್ವಿತಾ ಫೋನು ಇಟ್ಟು ಗೋಡೆ ನೋಡುತ್ತಾ ಕೂತಳು.

“ನಾನು ಬರ್ತೇನೆ,” ಎಂದೆ.

ಹೆಂಡತಿ ಸುಮತಿ ಅಡುಗೆಮನೆಯಿಂದಲೇ ಕೇಳಿದಳು: “ನಿಮಗೆ ಮರ್ಲಾ, ತಲೆ ಸರಿ ಉಂಟಾ? ಆ ಮಕ್ಕಳ ನಡುವೆ ನಿಮ್ಮದು ಎಂತ?”

ಹಾಗೆ ಶುರುವಾದದ್ದು ಆ ಹನ್ನೊಂದು ಸೋಲು.

ಪಂದ್ಯದ ದಿನ ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿಗೆ ಹೋದೆವು. ಸಭಾಂಗಣದ ತುಂಬ ಮೇಜುಗಳು, ಮೇಜುಗಳ ಸುತ್ತ ಕಪ್ಪು ಟೀ ಶರ್ಟಿನ ಯುವಕ ಯುವತಿಯರು. ಇಸ್ತ್ರಿ ಮಾಡಿದ ಅಂಗಿ ಹಾಕಿದವನು ನಾನೊಬ್ಬನೇ. ಬಾಗಿಲಲ್ಲಿದ್ದವನು ನನ್ನನ್ನು ನೋಡಿ, “ಅಂಕಲ್, ಪೇರೆಂಟ್ಸ್ ಉಧರ್ ಬೈಠೇಂಗೆ,” ಎಂದು ಗೋಡೆ ಬದಿಯ ಕುರ್ಚಿಗಳನ್ನು ತೋರಿಸಿದ. “ಪೇರೆಂಟ್ ನಹೀ, ಪಾರ್ಟ್‌ನರ್,” ಎಂದಳು ಅನ್ವಿತಾ. ನನ್ನ ಎದೆ ಎರಡಂಗುಲ ಉಬ್ಬಿತು.

ಉಬ್ಬಿದ್ದು ಅರ್ಧ ಗಂಟೆಯಲ್ಲಿ ಇಳಿಯಿತು. ಸಾಲಿನಲ್ಲಿ ಡ್ರ್ಯಾಗನ್ ಕಂಡದ್ದೇ ಕೊಂಡೆ. ಇನ್ನೊಂದು ಬಂತು, ಅದನ್ನೂ ಕೊಂಡೆ. ಆದರೆ ಕೈಗೆ ಬರುತ್ತಿದ್ದುದು ಬರೀ ಮರದ ಕತ್ತಿ. ಡ್ರ್ಯಾಗನ್ನುಗಳು ಕಟ್ಟಿನ ತಳದಲ್ಲೆಲ್ಲೋ ನಿದ್ದೆ ಹೊಡೆಯುತ್ತಿದ್ದವು. ನಮ್ಮ ಕೋಟೆ ಬಿತ್ತು, ಮೊದಲ ಆಟ ಸೋತೆವು. ಮೂರು ಆಟದಲ್ಲಿ ಎರಡು ಗೆದ್ದರಷ್ಟೇ ಮುಂದಿನ ಸುತ್ತು. ಇನ್ನೊಂದು ಸೋತರೆ ಮನೆ.

ಮೆಟ್ಟಿಲ ಮೇಲೆ ಕೂತು ಚಹಾ ಕುಡಿದೆವು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಕೋಪ ಬಂದರೂ ಅಕ್ಕರೆ ಬಂದರೂ ಅವಳ ಬಾಯಿಂದ ಬರುವುದು ಮರಾಠಿ. “ಪಪ್ಪಾ, ಡ್ರ್ಯಾಗನ್ ಘ್ಯಾ. ಪಣ್ ಆಧೀ ಲಾಕ್ಡಿ ತಲವಾರಿ ಜಾಳಾ,” ಎಂದಳು. ಡ್ರ್ಯಾಗನ್ ತಗೊಳ್ಳಿ, ಆದರೆ ಮೊದಲು ಮರದ ಕತ್ತಿ ಸುಡಿ. ಆಮೇಲೆ ಕನ್ನಡಕ್ಕೆ ಬಂದಳು: “ಕಡಿಮೆ ಎಲೆ ಇದ್ರೆ ಒಳ್ಳೇದು ಬೇಗ ಬರ್ತದೆ. ಇಷ್ಟೇ.”

ವಾರವಿಡೀ ಹೇಳಿದ್ದನ್ನೇ ಹೇಳಿದ್ದಳು. ಈಗ ಮಾತ್ರ ತಲೆಗೆ ಹೋಯಿತು. ಮುಂದಿನ ಎರಡು ಆಟದಲ್ಲಿ ಒಂದೊಂದೇ ಕತ್ತಿ ಸುಟ್ಟೆ. ಕಟ್ಟು ತೆಳ್ಳಗಾಯಿತು. ಡ್ರ್ಯಾಗನ್ ಮೂರು ಸುತ್ತಿಗೊಮ್ಮೆ ಎದ್ದು ಬರತೊಡಗಿತು. ಎರಡೂ ಗೆದ್ದೆವು, ಆಮೇಲಿನ ಸುತ್ತುಗಳನ್ನೂ ಸೆಮಿಫೈನಲನ್ನೂ ಗೆದ್ದೆವು. ಅನ್ವಿತಾ ನನ್ನ ತೋಳಿಗೆ ಹೊಡೆದ ಏಟು ಇನ್ನೂ ನೆನಪಿದೆ.

ಫೈನಲಿನಲ್ಲಿ ಎದುರಿಗೆ ಕೂತವರು ಕೋಪರಿಯ ಗಂಡ ಹೆಂಡತಿ, ಹೋದ ವರ್ಷ ಗೆದ್ದವರು. ಇಬ್ಬರೂ ಯಂತ್ರದಂತೆ ಆಡುವವರು. ಅವರೊಂದು, ನಾವೊಂದು ಆಟ ಗೆದ್ದು, ಮೂರನೆಯದರಲ್ಲಿ ಒಂದು ಗಂಟೆ ಕಳೆಯುವಷ್ಟರಲ್ಲಿ ನಮ್ಮ ಕೋಟೆ ಮೂರಕ್ಕೆ ಇಳಿದಿತ್ತು, ಅವರದು ಒಂಬತ್ತು. ನನ್ನ ಸರದಿ. ಕೈಯಲ್ಲಿ ಆರರ ಡ್ರ್ಯಾಗನ್, ಮೂರರ ಬೆಂಕಿಬಾಣ. ಒಟ್ಟು ಒಂಬತ್ತು.

ಆದರೆ ಎದುರಿನವರ ಕೈಯಲ್ಲಿ ಒಂದು ಗುರಾಣಿ ಇದ್ದರೆ ದಾಳಿ ನಿಂತುಹೋಗುತ್ತದೆ, ಮರುಕ್ಷಣ ನಮ್ಮ ಕೋಟೆ ಬೀಳುತ್ತದೆ. ಡ್ರ್ಯಾಗನ್ನನ್ನು ಕೋಟೆ ಕಾಯಲು ನಿಲ್ಲಿಸಿದರೆ ಇನ್ನೊಂದು ಸುತ್ತು ಬದುಕಬಹುದು. ಜೋಡಿಗಳು ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಮೇಜಿನ ಕೆಳಗೆ ಅನ್ವಿತಾಳ ಕಾಲು ಹೊಲಿಗೆ ಯಂತ್ರದ ಹಾಗೆ ಅಲುಗುತ್ತಿತ್ತು.

ನಾನು ಕಣ್ಣು ಮುಚ್ಚಿ ಲೋಕಲ್ ಗಾಡಿಯಲ್ಲಿ ಕೂತೆ. ಗಂಡ ಗುರಾಣಿ ಕೊಂಡೇ ಇಲ್ಲ. ಹೆಂಡತಿ ಕೊಂಡದ್ದು ಎರಡು. ಒಂದು ಬೆಂಕಿಬಾಣವನ್ನು ತಡೆಯಲು ಬಿತ್ತು, ಇನ್ನೊಂದು ಅನ್ವಿತಾಳ ಮಾಟಗಾತಿಯನ್ನು ತಡೆಯಲು. ಅದಾದ ಮೇಲೆ ಆಕೆ ರಾಶಿ ಕಲಸಿಲ್ಲ. ಎಂದರೆ ಎರಡೂ ಗುರಾಣಿ ಪಕ್ಕದ ರಾಶಿಯಲ್ಲೇ ಇವೆ, ಕೈಯಲ್ಲಿಲ್ಲ.

ಮತ್ತೊಮ್ಮೆ ಎಣಿಸಿದೆ. ಆಮೇಲೆ ಎರಡೂ ಎಲೆ ಮೇಜಿನ ಮೇಲಿಟ್ಟು, “ದಾಳಿ,” ಎಂದೆ. ಕನ್ನಡದಲ್ಲೇ ಹೇಳಿದೆನೆಂದು ಆಮೇಲೆ ಗೊತ್ತಾಯಿತು. ಯಾರಿಗೂ ಅನುವಾದ ಬೇಕಾಗಲಿಲ್ಲ. ಆಕೆ ತನ್ನ ಎಲೆಗಳನ್ನು ಎರಡು ಸಲ ನೋಡಿ, ನಕ್ಕು, ಕೈ ಚಾಚಿದಳು. ಅನ್ವಿತಾ ಕುರ್ಚಿ ಬೀಳಿಸಿಕೊಂಡು ಎದ್ದು ನನ್ನನ್ನು ತಬ್ಬಿಕೊಂಡಳು. ಶಾಲೆ ಬಿಟ್ಟ ಮೇಲೆ ಅವಳು ಹಾಗೆ ತಬ್ಬಿದ್ದು ಅದೇ ಮೊದಲು.

ಮೂರು ದಿನ ಠಾಕುರ್ಲಿಯಲ್ಲಿ ನಾನು ನೆಲದ ಮೇಲೆ ನಡೆಯಲಿಲ್ಲ. ನಾಲ್ಕನೆಯ ದಿನ ಋತುಜಾ ಹುಷಾರಾದಳೆಂದು ಫೋನು ಬಂತು. ಪುಣೆಗೆ ಜೋಡಿ ಬದಲಿಸಲು ಅವಕಾಶ ಉಂಟು. ಅನ್ವಿತಾ ಎರಡು ದಿನ ನನ್ನ ಕಣ್ಣು ತಪ್ಪಿಸಿ ಓಡಾಡಿದಳು. ನಾನೇ ಹೇಳಿದೆ: “ಋತುಜಾಳೇ ಬರಲಿ. ಅದು ನಿಮ್ಮಿಬ್ಬರ ಪಂದ್ಯ.” ಬೇಡ ಪಪ್ಪಾ, ನೀವೇ ಬನ್ನಿ ಎನ್ನುತ್ತಾಳೆಂದು ಒಂದು ಕ್ಷಣ ಕಾದೆನೆಂಬುದನ್ನು ಮುಚ್ಚಿಡುವುದಿಲ್ಲ. ಅವಳು ಅಷ್ಟೇ ಬೇಗ “ಥ್ಯಾಂಕ್ಯೂ ಪಪ್ಪಾ” ಎಂದು ಫೋನು ಎತ್ತಿಕೊಂಡಳು.

ಮುಂದಿನ ಭಾನುವಾರ ಋತುಜಾ ಅಭ್ಯಾಸಕ್ಕೆ ಮನೆಗೆ ಬಂದಳು. ಎದುರಾಳಿ ಜೋಡಿ ಬೇಕು. ಒಬ್ಬ ನಾನು, ಇನ್ನೊಬ್ಬರು ಯಾರು ಎಂದು ಮೂವರೂ ಮುಖ ಮುಖ ನೋಡಿಕೊಂಡೆವು. ಸುಮತಿ ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನೆದುರು ಕೂತಳು. “ಎಂತ, ಹಂಚಿ,” ಎಂದಳು.

ಅರ್ಧ ಗಂಟೆಯಲ್ಲಿ, ಯಾರೂ ಹೇಳದೆ, ತನ್ನ ಮರದ ಕತ್ತಿಗಳನ್ನೆಲ್ಲ ಸುಟ್ಟಿದ್ದಳು. ಋತುಜಾಳ ಕೈಯಲ್ಲಿ ಯಾವ ಎಲೆ ಇಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ನಾವು ಗೆದ್ದೆವು.

“ಇದೆಲ್ಲ ಎಲ್ಲಿ ಕಲಿತೆ?” ಎಂದೆ.

“ಕತ್ತಿ ಸುಡ್ಲಿಕ್ಕೆ ಅನ್ವಿತಾ ಹೇಳಿದ್ದು ಅಡುಗೆಮನೆಗೂ ಕೇಳ್ತಿತ್ತು. ಕಾರ್ಕಳದಲ್ಲಿ ಅಣ್ಣಂದಿರ ಜೊತೆ ಇಪ್ಪತ್ತೆಂಟು ಆಡ್ತಿದ್ದೆ. ಮದುವೆಯಾದ ಮೇಲೆ ಕೈಗೆ ಎಲೆ ಕೊಟ್ಟವರು ಯಾರು?”

ಹುಡುಗಿಯರು ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ. ಅವಳು ಆಗಲೇ ಎಲೆ ಕಲಸುತ್ತಿದ್ದಳು, ನನಗಿಂತ ಚೆನ್ನಾಗಿ.