ಪೇಪರಿನಲ್ಲಿ ಉಮ್ಮರನ ಹೆಸರು

ಒಬ್ಬೊಬ್ಬರಿಗೆ ವಾರದಲ್ಲಿ ಒಂದು ದಿನ ಆಗಿಬರುವುದಿಲ್ಲ. ನಮ್ಮ ಫೌಸ್ಟಿನ್ ಡಿ'ಸಿಲ್ವರಿಗೆ ಅದು ಶನಿವಾರ. ಶುಕ್ರವಾರದ ರಜೆ ಮುಗಿಯಿತಲ್ಲ ಎಂದು ಮಸ್ಕತ್ತಿನ ಮಂದಿಯೆಲ್ಲ ಶನಿವಾರಕ್ಕೆ ಬೈದರೆ, ಇವರು ಬೈಯುತ್ತಿದ್ದದ್ದು ಪೇಪರಿಗೆ. ವಾದಿ ಅದಾಯ್‌ನಲ್ಲಿ ಅವರ ಬಾಡಿಗೆ ಮನೆಯ ಕೆಳಗಿನ ಅಂಗಡಿಗೆ ಬೆಳಿಗ್ಗೆ ಆರೂವರೆಗೆ ಇಂಗ್ಲಿಷ್ ಪೇಪರು ಬರುತ್ತಿತ್ತು. ಲೋಕವೆಲ್ಲ ಪೇಪರನ್ನು ಮುಂದಿನಿಂದ ಓದಿದರೆ ಫೌಸ್ಟಿನ್ ಹಿಂದಿನಿಂದ ಓದುವವರು. ಕೊನೆಯ ಪುಟದ ಅಡಿಯಲ್ಲಿ, ಟೈರಿನ ಜಾಹೀರಾತಿನ ಪಕ್ಕ, ಶುಕ್ರವಾರದ ಫುಟ್‌ಬಾಲ್ ಸುದ್ದಿ. ಅದನ್ನು ಓದಿ ಅವರು ಮೆಟ್ಟಿಲು ಹತ್ತುವ ಸದ್ದಿನಲ್ಲೇ ಹೆಂಡತಿ ಡಾಲಿಗೆ ಎಲ್ಲ ಗೊತ್ತಾಗುತ್ತಿತ್ತು.

"ಇವತ್ತೆಷ್ಟು ಸಾಲು?"

"ಅರ್ಧ."

"ಹಾಗಾದರೆ ಸುಧಾರಿಸಿದೆ ಮಾರಾಯ್ರೇ. ಹೋದ ವಾರ ಅದೂ ಇರಲಿಲ್ಲ."

ಕಥೆ ಎಂತದೆಂದರೆ, ಮಸ್ಕತ್ತಿನಲ್ಲಿ ಎಂಬತ್ತೈದನೇ ಇಸವಿಯಿಂದ ಚಳಿಗಾಲಕ್ಕೊಂದು ಟೂರ್ನಮೆಂಟು ನಡೆಯುತ್ತಿತ್ತು. ಊರಿನ ಕಾಲೇಜುಗಳ ಹಳೆ ವಿದ್ಯಾರ್ಥಿಗಳದ್ದು. ಕೇರಳದ ಎರಡು ಕಾಲೇಜು, ಗೋವಾದ್ದೊಂದು, ಮದ್ರಾಸಿನದ್ದೊಂದು, ಮಂಗಳೂರಿನ ನಮ್ಮ ಸಂತ ಬಾರ್ತಲೋಮ್ಯೂ ಒಂದು. ವಾದಿ ಅದಾಯ್‌ನ ಬೋಳು ಗುಡ್ಡದ ಬುಡದಲ್ಲಿ ಮೈದಾನ. ಹುಲ್ಲಿನ ಸುದ್ದಿಯೇ ಬೇಡ, ಬರೀ ಜಲ್ಲಿಕಲ್ಲು. ಗೆರೆ ಎಳೆಯುವುದು ಸುಣ್ಣದಲ್ಲಿ. ಬಿದ್ದವನ ಮೊಣಕಾಲಲ್ಲಿ ಒಮಾನಿನ ಒಂದಿಷ್ಟು ನೆಲ ಖಾಯಂ ಆಗಿ ಉಳಿಯುತ್ತಿತ್ತು.

ಫೌಸ್ಟಿನ್ ಒಂದು ದಿನವೂ ಚೆಂಡು ಒದ್ದವರಲ್ಲ. ಕಾಲೇಜಿನಲ್ಲಿ ಬಿ.ಕಾಂ. ಓದುವಾಗ ಅವರ ಕೆಲಸ ಗೆರೆಯ ಹೊರಗೆ ನಿಂತು ಕೂಗುವುದು. ಪದವಿಯನ್ನು ಅವರು ಪಂಪ್ ಮಾರುವ ಶೋರೂಮಿನ ಸ್ಟೋರ್‌ಕೀಪರ್ ಕೆಲಸಕ್ಕೆ ಉಪಯೋಗಿಸಿದರು, ಗಂಟಲನ್ನು ಮಾತ್ರ ಕಾಲೇಜಿಗೇ ಮೀಸಲಿಟ್ಟರು. ಪಂಪಿನ ಪೆಟ್ಟಿಗೆಯಲ್ಲಿ ಬರುವ ಫೋಮನ್ನು ಕತ್ತರಿಸಿ ಗೋಲ್‌ಕೀಪರ್ ಉಮ್ಮರನ ಮೊಣಕೈಗೆ ಕಟ್ಟುವುದೂ ಅವರದೇ ಕೆಲಸ.

ಉಮ್ಮರ್ ಉಳ್ಳಾಲದ ಬ್ಯಾರಿ ಹುಡುಗ, ರೂವಿಯಲ್ಲಿ ಮಾವನ ಬಟ್ಟೆ ಅಂಗಡಿಯಲ್ಲಿ ಕೆಲಸ. ನಮ್ಮ ಕಾಲೇಜಿನಲ್ಲಿ ಮೂರು ವರ್ಷ ಪಿಯುಸಿ ಓದಿದವನು. ಎರಡು ವರ್ಷದ ಪಿಯುಸಿಯನ್ನು ಮೂರು ವರ್ಷ ಓದಿದ್ದಕ್ಕೆ ಕಾರಣ ಫುಟ್‌ಬಾಲೇ. ಆ ಜಲ್ಲಿಯ ಮೇಲೆ ಅವನು ಹಾರಿ ಬಿದ್ದು ಚೆಂಡು ಹಿಡಿಯುವುದನ್ನು ಕಂಡರೆ ನಮಗೆ ಮೈ ಉರಿಯುತ್ತಿತ್ತು, ಅವನಿಗೆ ಏನೂ ಆಗುತ್ತಿರಲಿಲ್ಲ.

ಆದರೆ ಪೇಪರಿಗೆ ಉಮ್ಮರ್ ಕಾಣುತ್ತಿರಲಿಲ್ಲ. ಕೇರಳದವರು ಗೆದ್ದರೆ ಇಪ್ಪತ್ತು ಸಾಲು, ಸೋತರೆ ಮೂವತ್ತು. ಗೋವಾದವರ ಫೋಟೊ. ನಮ್ಮದು, 'ಮಂಗಳೂರಿನ ತಂಡವೂ ಆಡಿತು.' ಒಮ್ಮೆಯಂತೂ ತಂಡದಲ್ಲಿ ಲೋಬೊ, ಪಿಂಟೊ ಹೆಸರು ಕಂಡು 'ಗೋವಾದ ಎರಡನೇ ತಂಡ' ಎಂದೇ ಬರೆದರು. ಆ ದಿನ ಫೌಸ್ಟಿನ್ ಊಟ ಮಾಡಲಿಲ್ಲ. ಇಂಥ ಚೂರುಗಳನ್ನೆಲ್ಲ ಕತ್ತರಿಸಿ ಶೋರೂಮಿನ ಒಂದು ಬಾಕ್ಸ್ ಫೈಲಿನಲ್ಲಿ ಇಟ್ಟಿದ್ದರು. ಫೈಲಿನ ಬೆನ್ನಿಗೆ ಮೊದಲೇ ಅಂಟಿಸಿದ್ದ ಚೀಟಿ ಹಾಗೇ ಇತ್ತು: ಕೆಟ್ಟು ವಾಪಸ್ ಬಂದ ಮಾಲು.

ಪೇಪರಿನವರನ್ನು ಬೈದು ಸುಮ್ಮನೆ ಕೂತವರೂ ಅಲ್ಲ ಅವರು. ಮೈದಾನದ ಅಂಚಿನಲ್ಲಿ ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ಸರಿಯಾಗಿ ಒಬ್ಬರು ಬಂದು ಕೂರುತ್ತಿದ್ದರು. ತೆಳ್ಳಗಿನ ಆಳು, ಹಣೆಗೆ ವಿಭೂತಿ, ಹೆಸರು ಬಾಲಸುಬ್ರಹ್ಮಣ್ಯ. ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಕಾಗದ, ಕೈಯಲ್ಲಿ ಪೆನ್ನು. ಆಟ ಶುರುವಾದಲ್ಲಿಂದ ಮುಗಿಯುವ ತನಕ ನೋಡುವುದು, ಬರೆಯುವುದು.

"ಪೇಪರಿನವರು!" ಎಂದು ಮೊದಲ ವರ್ಷವೇ ಫೌಸ್ಟಿನ್ ಕಂಡುಹಿಡಿದರು. ಮರುವಾರದಿಂದ ಬಾಲಸುಬ್ರಹ್ಮಣ್ಯರಿಗೆ ಮಡಚುವ ಕುರ್ಚಿ ಬಂತು. ಅದರ ಮರುವಾರ ಕೊಡೆ. ಮತ್ತೆ ಡಾಲಿ ಮಾಡಿದ ಬಾಳೆಕಾಯಿ ಪೋಡಿ.

"ಬೇರೆ ಎಣ್ಣೆಯಲ್ಲಿ ಕರಿ," ಎಂದು ಫೌಸ್ಟಿನ್ ಅಡುಗೆಮನೆಯಲ್ಲಿ ನಿಂತು ಕಾವಲು ಕಾಯುತ್ತಿದ್ದರು. "ಮೀನು ಹುರಿದ ಎಣ್ಣೆ ಬೇಡ. ಅವರು ಪಕ್ಕಾ ವೆಜಿಟೇರಿಯನ್."

"ನನ್ನನ್ನು ನೋಡಲು ಬಂದಾಗ ನನಗೇ ಇಷ್ಟು ಉಪಚಾರ ಮಾಡಿರಲಿಲ್ಲ ನೀವು. ಒಮ್ಮೆ ಬಾಯಿಬಿಟ್ಟು ಕೇಳಿಬಿಡಿ, ಯಾಕೆ ನಮ್ಮದು ಬರೆಯುವುದಿಲ್ಲ ಅಂತ."

"ಕೇಳಬಾರದು ಡಾಲಿ. ಕೇಳಿದರೆ ಅದು ಲಂಚ ಆಗ್ತದೆ. ಕೇಳದಿದ್ದರೆ ಮರ್ಯಾದೆ."

ಹೀಗೆ ಏಳು ಚಳಿಗಾಲ ಮರ್ಯಾದೆ ನಡೆಯಿತು. ಬಾಲಸುಬ್ರಹ್ಮಣ್ಯ ಸ್ವಲ್ಪ ದಪ್ಪ ಆದರು. ನಮ್ಮ ಸಾಲು ದಪ್ಪ ಆಗಲಿಲ್ಲ.

ಇದೆಲ್ಲ ಹಾಗೇ ಸಾಗುತ್ತಿತ್ತೋ ಏನೋ. ಆದರೆ ಫೌಸ್ಟಿನ್ ಒಂದು ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದರು. ತೊಂಬತ್ತರಲ್ಲಿ ರಜೆಗೆ ಊರಿಗೆ ಹೋದವರು ಉಳ್ಳಾಲದಲ್ಲಿ ಉಮ್ಮರನ ತಾಯಿ ಅವ್ವಮ್ಮನನ್ನು ಕಂಡು ಬರಲು ಹೋಗಿದ್ದರು. ಮಗನ ಬಗ್ಗೆ ಅವ್ವಮ್ಮ ತಲೆ ಚಚ್ಚಿಕೊಂಡರು: "ಓದಲಿಲ್ಲ, ಅಂಗಡಿಯಲ್ಲೂ ಮನಸ್ಸಿಲ್ಲ, ಬರೀ ಚೆಂಡು ಚೆಂಡು. ಅವನ ಬಾಪ ಇದ್ದಿದ್ದರೆ ಕಾಲು ಮುರೀತಿದ್ದರು." ಫೌಸ್ಟಿನ್‌ಗೆ ತಡೆಯಲಾಗಲಿಲ್ಲ. "ಎಂತ ಹೇಳ್ತೀರಿ ಅವ್ವಮ್ಮ! ಮಸ್ಕತ್ತಿನಲ್ಲಿ ನಿಮ್ಮ ಮಗನ ಹೆಸರು ವಾರ ವಾರ ಪೇಪರಿನಲ್ಲಿ ಬರ್ತದೆ. ಇಂಗ್ಲಿಷ್ ಪೇಪರಿನಲ್ಲಿ!" ಅವ್ವಮ್ಮ, ಊರಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ, "ಹೌದಾ ಪೊರ್ಬುಗಳೇ? ಹಾಗಾದರೆ ಒಂದು ಕಳಿಸಿಕೊಡಿ, ನೋಡುವ," ಎಂದರು.

ಎರಡು ವರ್ಷವಾದರೂ ಕಳಿಸಲು ಏನೂ ಇರಲಿಲ್ಲ. ಈಗ, ತೊಂಬತ್ತೆರಡರ ಫೆಬ್ರವರಿಯಲ್ಲಿ, ಉಮ್ಮರ್ ಮಸ್ಕತ್ತನ್ನು ಖಲಾಸ್ ಮಾಡಿ ಊರಿಗೇ ಹೊರಟಿದ್ದ. ಶುಕ್ರವಾರ ಗೋವಾದವರ ಎದುರು ಫೈನಲ್, ಭಾನುವಾರ ವಿಮಾನ.

"ಉಮ್ಮ ಕೇಳ್ತಾರೆ ಪೊರ್ಬುಗಳೇ," ಎಂದ ಉಮ್ಮರ್, ಮೊಣಕೈಗೆ ಫೋಮು ಕಟ್ಟಿಸಿಕೊಳ್ಳುತ್ತ. "ಸುಳ್ಳು ನಿಮ್ಮದು, ಪೆಟ್ಟು ನನಗೆ."

"ನೀನು ಚೆಂಡು ಹಿಡಿ ಬ್ಯಾರಿ. ಪೇಪರು ನಾನು ಹಿಡೀತೇನೆ."

ಉಮ್ಮರ್ ಹಿಡಿದ. ಅಂಥ ಆಟ ನಾವು ಹಿಂದೆ ಕಂಡಿರಲಿಲ್ಲ. ಒಂಬತ್ತು ಬಾರಿ ಗೋಲು ಆಗಿಯೇ ಹೋಯಿತು ಎನ್ನುವಾಗ ಹಾರಿದ. ಪೆನಾಲ್ಟಿಯನ್ನೂ ಹಿಡಿದು ಎದೆಗವಚಿಕೊಂಡ. ಕೊನೆಗೆ ಎರಡು ನಿಮಿಷ ಇದೆ ಎನ್ನುವಾಗ ಗೋವಾದ ಬಾಸಿಲ್, ರೂವಿಯ ಬ್ಯಾಂಕಿನ ಕ್ಯಾಶಿಯರ್, ಮೈದಾನದ ಅರ್ಧದಿಂದಲೇ ಒಂದು ಹೊಡೆದ. ಚೆಂಡು ಮೇಲೆ ಹೋಗಿ ಗುಡ್ಡದ ಮೇಲಿನ ಇಳಿಬಿಸಿಲಲ್ಲಿ ಕಾಣದಾಗಿ, ಉಮ್ಮರನ ಹಿಂದೆ ಬಂದಿಳಿಯಿತು. ಒಂದು-ಸೊನ್ನೆ. ಸೋತೆವು.

ಸೋಲಿಗೆ ಅಳಲು ಫೌಸ್ಟಿನ್‌ಗೆ ಪುರುಸೊತ್ತಿರಲಿಲ್ಲ. ಸೀದಾ ಕುರ್ಚಿಯ ಹತ್ತಿರ ಹೋಗಿ, ಏಳು ವರ್ಷದ ಮರ್ಯಾದೆ ಬಿಟ್ಟು, ಕೈಮುಗಿದರು. "ಸಾರ್, ಇದೊಂದು ಸಲ. ಉಮ್ಮರನ ಹೆಸರು ಹಾಕಿಬಿಡಿ."

"ಹಾಕಿದ್ದೇನಲ್ಲ ಸಾರ್. ನಾಲ್ಕು ಕಡೆ ಹಾಕಿದ್ದೇನೆ."

"ನಾಳೆ ಬರ್ತದಾ?"

"ನಾಳೆ ಹೇಗೆ ಬರ್ತದೆ? ತಿರುನೆಲ್ವೇಲಿಗೆ ಹತ್ತು ದಿನ ಬೇಕು."

ಆಮೇಲೆ ಒಂದೊಂದೇ ಹೊರಬಿತ್ತು. ಬಾಲಸುಬ್ರಹ್ಮಣ್ಯ ಕಟ್ಟಡದ ಕಂಪನಿಯಲ್ಲಿ ನಕ್ಷೆ ಬಿಡಿಸುವವರು. ಒಂದೇ ಕೋಣೆಯಲ್ಲಿ ಆರು ಮಂದಿ, ಶುಕ್ರವಾರ ಎಲ್ಲರೂ ಟೇಪ್ ರೆಕಾರ್ಡರ್ ಹಾಕಿ ಕೂರುವವರು. ಹೆಂಡತಿಗೆ ನೆಮ್ಮದಿಯಿಂದ ಕಾಗದ ಬರೆಯಲು ಜಾಗ ಹುಡುಕುತ್ತ ಮೈದಾನಕ್ಕೆ ಬಂದವರು. ವಾರವಿಡೀ ಬರೆಯುವಂಥದ್ದು ಏನೂ ನಡೆಯದಿದ್ದುದರಿಂದ ಕಣ್ಣೆದುರಿನ ಆಟವನ್ನೇ ಬರೆಯುತ್ತಿದ್ದರು.

"ಮತ್ತೆ ಕುರ್ಚಿ, ಕೊಡೆ, ಪೋಡಿ... ನಿಮಗೆ ಸಂಶಯ ಬರಲಿಲ್ಲವಾ?"

"ಮಂಗಳೂರಿನವರು ಒಳ್ಳೆಯ ಜನ ಅಂದುಕೊಂಡೆ ಸಾರ್. ಅದನ್ನೂ ಬರೆದಿದ್ದೇನೆ."

ಪಕ್ಕದಲ್ಲಿ ಉಮ್ಮರ್ ನೆಲಕ್ಕೆ ಕುಸಿದು ಹೊಟ್ಟೆ ಹಿಡಿದು ನಗುತ್ತಿದ್ದ. ಫೌಸ್ಟಿನ್ ನಗಲಿಲ್ಲ. "ಯಲ್ಲಾ," ಎಂದು ಬಾಲಸುಬ್ರಹ್ಮಣ್ಯರನ್ನೂ ಎಳೆದುಕೊಂಡು ಟ್ಯಾಕ್ಸಿ ಹತ್ತಿ ಪೇಪರಿನ ಆಫೀಸಿಗೆ ಹೋದರು. ಬಗಲಲ್ಲಿ, ದಾರಿಯಲ್ಲಿ ಮನೆಯಿಂದ ಎತ್ತಿಕೊಂಡ ಆ ಚೂರುಗಳ ಫೈಲು.

ಕ್ರೀಡಾ ಪುಟದ ಮೇಜಿನಲ್ಲಿದ್ದ ಮನುಷ್ಯ ಫೈಲನ್ನು ಬಿಚ್ಚಿ, ಏಳು ವರ್ಷದ ಅನ್ಯಾಯವನ್ನು ಐದು ನಿಮಿಷದಲ್ಲಿ ತಿರುವಿ, "ನೀವು ಯಾವತ್ತಾದರೂ ಬರೆದು ಕಳಿಸಿದ್ದೀರಾ?" ಎಂದು ಕೇಳಿದ.

"ನಾವು ಯಾಕೆ ಬರೆಯಬೇಕು? ನಿಮ್ಮ ವರದಿಗಾರರು..."

"ಯಾವ ವರದಿಗಾರ? ಶುಕ್ರವಾರ ಇಲ್ಲಿರುವುದು ನಾನೊಬ್ಬ. ಕೇರಳದವರು ಬರೆದು ತಂದು ಮೆಟ್ಟಿಲ ಹತ್ತಿರದ ಡಬ್ಬಿಗೆ ಹಾಕ್ತಾರೆ. ಗೋವಾದವರೂ ಹಾಕ್ತಾರೆ. ಡಬ್ಬಿಯಲ್ಲಿ ಬಂದದ್ದು ಪೇಪರಿನಲ್ಲಿ ಬರ್ತದೆ. ನಿಮ್ಮದು ಬರಲಿಲ್ಲ ಅಂತ ಪಾಪ ಅವರೇ ಒಂದು ಸಾಲು ಸೇರಿಸಿ ಕೊಡುವುದು."

ಫೌಸ್ಟಿನ್ ಫೈಲನ್ನು ಮೆಲ್ಲಗೆ ಮುಚ್ಚಿದರು.

"ಹನ್ನೆರಡು ಸಾಲು ಜಾಗ ಇದೆ," ಎಂದ ಮೇಜಿನವನು. "ಏಳು ಗಂಟೆಯೊಳಗೆ ಕೊಡಿ."

ಬರೆಯಲು ಕೂತರು. ಕಾಲೇಜಿನ ಸ್ಥಾಪನೆಯಿಂದ ಶುರು ಮಾಡಿದ್ದರಿಂದ ಅರವತ್ತೇಳನೇ ಇಸವಿಯ ತಂಡಕ್ಕೆ ಬರುವಾಗಲೇ ಹನ್ನೆರಡು ಸಾಲು ಮುಗಿಯಿತು. ಹರಿದರು. ಎರಡನೆಯ ಸಲ ಪೇಪರಿನವರಿಗೆ ಬೈಯುವುದರಲ್ಲೇ ಮುಗಿಯಿತು. ಅದನ್ನೂ ಹರಿದರು. ಆರೂಮುಕ್ಕಾಲಾಗಿತ್ತು. ಆಗ ಬಾಲಸುಬ್ರಹ್ಮಣ್ಯ ಜೇಬಿನಿಂದ ನೀಲಿ ಕಾಗದ ತೆಗೆದು ಕೆಮ್ಮಿದರು. "ನಾನು ಓದಿ ಹೇಳಲಾ ಸಾರ್? ಮೊದಲ ನಾಲ್ಕು ಸಾಲು ಬಿಡ್ತೇನೆ. ಅದು ಮನೆಯ ವಿಷಯ."

ತಮಿಳಿನಲ್ಲಿದ್ದುದನ್ನು ಅವರು ಇಂಗ್ಲಿಷಿನಲ್ಲಿ ಹೇಳುತ್ತ ಹೋದರು, ಫೌಸ್ಟಿನ್ ಬರೆಯುತ್ತ ಹೋದರು. ಉಮ್ಮರ್ ಹಾರಿದ್ದು, ಬಿದ್ದದ್ದು, ಎದ್ದದ್ದು, ಎಲ್ಲವೂ ಇತ್ತು. ಹನ್ನೆರಡನೇ ಸಾಲಿಗೆ ಪೆನಾಲ್ಟಿ ಹಿಡಿದಾಯಿತು. ಫೌಸ್ಟಿನ್ ಪೆನ್ನಿಗೆ ಕ್ಯಾಪ್ ಹಾಕಿದರು.

"ಸಾರ್, ಬಾಸಿಲ್ ಹೊಡೆದದ್ದು ಬಾಕಿ ಉಂಟು. ಅದನ್ನು ನಾನು ಚೆನ್ನಾಗಿ ಬರೆದಿದ್ದೇನೆ."

"ಜಾಗ ಇಲ್ಲ."

ಮೇಜಿನವನು ಕಾಗದ ಕಸಿದುಕೊಂಡು, "ಸ್ಕೋರು?" ಎಂದ.

"ಒಂದು-ಸೊನ್ನೆ," ಎಂದರು ಫೌಸ್ಟಿನ್. ಅದು ಸುಳ್ಳೇನೂ ಅಲ್ಲವಲ್ಲ.

ಶನಿವಾರ ಬೆಳಿಗ್ಗೆ ಟೈರಿನ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬಂದಿತ್ತು: ಬಾರ್ತಲೋಮ್ಯೂ ಪರ ಉಮ್ಮರ್ ಮಿಂಚು, ೧-೦.

ಫೌಸ್ಟಿನ್ ಅಂಗಡಿಯಲ್ಲಿದ್ದ ಹದಿನಾಲ್ಕು ಪೇಪರನ್ನೂ ಕೊಂಡರು. ಉಮ್ಮರ್ ಓದಿ ತಲೆ ಕೆರೆದುಕೊಂಡ. "ಪೊರ್ಬುಗಳೇ, ಇದನ್ನು ಓದಿದರೆ ನಾವೇ ಗೆದ್ದ ಹಾಗೆ ಉಂಟಲ್ಲ?"

"ಗೆದ್ದೆವು ಅಂತ ಎಲ್ಲಿ ಬರೆದಿದೆ, ತೋರಿಸು. ನಿನ್ನ ಹೆಸರು ಉಂಟಾ ಇಲ್ಲವಾ?"

"ಉಂಟು."

"ಮತ್ತೆ? ಸೂಟ್‌ಕೇಸಿಗೆ ಹಾಕು."

ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಬಾಸಿಲ್. ಒಂದು ಕೈಯಲ್ಲಿ ಪೇಪರು, ಇನ್ನೊಂದರಲ್ಲಿ ಫೈನಲ್‌ನಲ್ಲಿ ಗೆದ್ದ ಕಪ್ಪು. ಕಪ್ಪನ್ನು ತಂದು ಟೀಪಾಯಿಯ ಮೇಲೆ ಇಟ್ಟ. "ಇದನ್ನು ನೀವೇ ಇಟ್ಟುಕೊಳ್ಳಿ ಫೌಸ್ಟಿನ್‌ಬಾಬ್. ಪೇಪರಿನ ಪ್ರಕಾರ ಇದು ನಿಮ್ಮದು."

"ಜಾಗ ಸಾಲಲಿಲ್ಲ ಬಾಸಿಲ್..." ಎಂದ ಫೌಸ್ಟಿನ್‌ಗೆ ತನ್ನ ಮಾತು ತನಗೇ ಎಲ್ಲೋ ಕೇಳಿದ ಹಾಗಾಯಿತು.

"ನನ್ನದು ಬಿಡಿ. ಮಡಗಾಂವಿನಲ್ಲಿ ಪಪ್ಪಾ ಇದ್ದಾರೆ. ಆ ಒಂದು ಗೋಲಿನ ಸುದ್ದಿ ಅವರಿಗೆ ನಾನೇ ಬರೆದರೆ ನಂಬುವುದಿಲ್ಲ. ಪೇಪರು ಬೇಕು ಅಂತಾರೆ." ಬಾಸಿಲ್ ಕೋಪದಲ್ಲಿ ಬಂದವನು ಈಗ ತನ್ನ ಕಾಲನ್ನೇ ನೋಡುತ್ತ ನಿಂತಿದ್ದ.

ಒಳಗಿನಿಂದ ಡಾಲಿ, "ಅವರಿಗೂ ಒಂದು ಫೈಲು ಕೊಟ್ಟು ಕಳಿಸಿ," ಎಂದರು.

ಮರುವಾರ ಫೌಸ್ಟಿನ್ ಡಬ್ಬಿಗೆ ಒಂದು ತಿದ್ದುಪಡಿ ಹಾಕಿದರು. ಹಾಕಿದ್ದನ್ನು ಮೇಜಿನವನು ಮೂರೇ ಸಾಲಾಗಿ ಕತ್ತರಿಸಿ, ಬಾಸಿಲ್‌ನ ಹೆಸರಿರುವ ಸಾಲನ್ನೇ ಬಿಟ್ಟುಬಿಟ್ಟ. ಆದರೆ ಕೈಬರಹ ಚೆನ್ನಾಗಿದೆ, ಎಲ್ಲ ತಂಡದ್ದೂ ನೀವೇ ಬರೆಯಿರಿ ಎಂದ. ಹೀಗೆ ಶನಿವಾರ ಬೈಯುತ್ತಿದ್ದ ಫೌಸ್ಟಿನ್ ಮುಂದಿನ ಚಳಿಗಾಲದಿಂದ ಶನಿವಾರ ಬೈಸಿಕೊಳ್ಳುವವರಾದರು. ಕೇರಳದವರು ರೂವಿಯ ಬಸ್ ಸ್ಟ್ಯಾಂಡಿನಲ್ಲೇ ತಡೆದು ನಿಲ್ಲಿಸಿ ಸಾಲು ಎಣಿಸುತ್ತಿದ್ದರು. ಎಲ್ಲರಿಗಿಂತ ಜಾಸ್ತಿ ಬೈದದ್ದು ನಾವು, ಬಾರ್ತಲೋಮ್ಯೂದವರು. ಪಕ್ಷಪಾತ ಎನ್ನಬಾರದೆಂದು ಅವರು ನಮ್ಮದನ್ನು ಅರ್ಧ ಸಾಲಿಗೇ ಇಳಿಸಿದ್ದರು. ಪೋಡಿ ಮಾತ್ರ ಬಾಲಸುಬ್ರಹ್ಮಣ್ಯರಿಗೆ ನಿಲ್ಲಲಿಲ್ಲ.

ತೊಂಬತ್ತನಾಲ್ಕರಲ್ಲಿ ರಜೆಗೆ ಹೋದಾಗ ಫೌಸ್ಟಿನ್ ಉಳ್ಳಾಲಕ್ಕೆ ಹೋದರು. ಉಮ್ಮರ್ ಅಂಗಡಿಗೆ ಹೋಗಿದ್ದ. ಗೋಡೆಯಲ್ಲಿ ಕಟ್ಟು ಹಾಕಿಸಿದ ಪೇಪರಿನ ಚೂರು, ಸುತ್ತ ಅಂಗೈ ಅಗಲದ ಬಿಳಿ ರಟ್ಟು. ಅವ್ವಮ್ಮ ಚಾ ತಂದಿಟ್ಟು ಎದುರು ಕೂತರು.

"ನೀವು ಹೇಳಿದ್ದು ಸುಳ್ಳಲ್ಲ ಪೊರ್ಬುಗಳೇ. ಬಂದಿದೆ. ಓದಿಸಿ ಕೇಳಿದೆ. ಆದರೆ ಒಂದು ಅರ್ಥ ಆಗುವುದಿಲ್ಲ. ಇಷ್ಟೆಲ್ಲ ಹಿಡಿದವನು ಕಪ್ಪು ಯಾಕೆ ತರಲಿಲ್ಲ? ಕೇಳಿದರೆ, ಅದು ಪೇಪರಿನಲ್ಲಿ ಇಲ್ಲ ಉಮ್ಮ, ಅಂತಾನೆ."

ಫೌಸ್ಟಿನ್ ಚಾ ಕುಡಿದು ಮುಗಿಸಿದರು. ಬೇರೆ ದಾರಿ ಇರಲಿಲ್ಲ. "ಬಾಸಿಲ್ ಅಂತ ಗೋವಾದವನೊಬ್ಬ ಒಂದು ಹೊಡೆದ ಅವ್ವಮ್ಮ. ಒಳ್ಳೆಯ ಗೋಲು. ಯಾರಿಗೂ ಹಿಡಿಯಲಿಕ್ಕೆ ಆಗ್ತಿರಲಿಲ್ಲ."

"ಅದನ್ನೂ ಬರೆಯಬೇಕಿತ್ತು. ಅವನ ಮನೆಯಲ್ಲೂ ಯಾರಾದರೂ ಇರ್ತಾರಲ್ಲ."

"ಜಾಗ ಇರಲಿಲ್ಲ."

ಅವ್ವಮ್ಮ ಗೋಡೆಯ ಕಡೆ ತಿರುಗಿ ಬಿಳಿ ರಟ್ಟನ್ನು ಒಮ್ಮೆ ನೋಡಿದರು, ಫೌಸ್ಟಿನ್‌ರ ಮುಖವನ್ನು ಒಮ್ಮೆ ನೋಡಿದರು.

"ಅಷ್ಟು ಜಾಗ ಉಂಟಲ್ಲ ಪೊರ್ಬುಗಳೇ."

ಫೌಸ್ಟಿನ್ ಎದ್ದು, ಕಟ್ಟನ್ನು ಮೊಳೆಯಿಂದ ಇಳಿಸಿ, ಹಿಂದಿನ ರಟ್ಟು ಬಿಚ್ಚಿ, ಅಂಗಿಯ ಜೇಬಿನಲ್ಲಿ ಪೆನ್ನು ಹುಡುಕತೊಡಗಿದರು.