ಬಳೆ ಕಳಚಿ ನವುಲೆಯ ಗೇಟು ದಾಟಿದ್ದು

ಭಾನುವಾರ ಬೆಳಗ್ಗೆ ಆರೂಕಾಲಿಗೆ ನಾನೂ ನನ್ನ ಸೊಸೆ ಚೈತ್ರಾಳೂ ಭದ್ರಾವತಿಯ ಬಸ್ ನಿಲ್ದಾಣದಲ್ಲಿ ಶಿವಮೊಗ್ಗದ ಬಸ್ಸಿಗೆ ಕಾದು ನಿಂತೆವು. ಅವಳಿಗೆ ಒಂಬತ್ತೂವರೆಗೆ ಅಲ್ಲಿನ ನವುಲೆಯ ಹತ್ತಿರದ ಒಂದು ಶಾಲೆಯಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ. ಊರಿಂದ ಊರಿಗೆ ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಇಷ್ಟು ದಾರಿಗೆ ಪ್ರವಾಸ ಅನ್ನುತ್ತಾರೆಯೇ ಎಂದು ನೀವು ಕೇಳಬಹುದು. ಬಳೆ ವ್ಯಾಪಾರಕ್ಕಾಗಿ ನಾನು ಒಬ್ಬಳೇ ಎರಡು ರಾತ್ರಿ ರೈಲಿನಲ್ಲಿ ಕೂತು ಉತ್ತರದ ಕಾರ್ಖಾನೆಗಳ ತನಕ ಹೋಗಿ, ಭಾಷೆ ಬಾರದ ಊರಲ್ಲಿ ಬೆರಳು ಎಣಿಸಿಯೇ ಚೌಕಾಸಿ ಮಾಡಿ ಬಂದವಳು. ಆ ದಾರಿಯ ಬಗ್ಗೆ ಒಂದು ಸಾಲು ಬರೆಯಬೇಕು ಅಂತಲೂ ಅನಿಸಿರಲಿಲ್ಲ. ಈ ಇಪ್ಪತ್ತು ಕಿಲೋಮೀಟರು ಹಾಗಲ್ಲ. ಪರೀಕ್ಷೆಯ ಗೇಟಿನ ತನಕ ಹೋಗುವುದು ನನ್ನ ಬಾಳಿನಲ್ಲಿ ಮೂವತ್ತೊಂದು ವರ್ಷದಿಂದ ಉಳಿದುಹೋಗಿದ್ದ ಕೆಲಸ.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಆದರೆ ನನ್ನ ಮಾತು ಕೇಳಿ, ಪರೀಕ್ಷೆಯ ದಿನ ಪುಕ್ಕಟೆ ಬಸ್ಸಿಗೆ ಕಾಯಬೇಡಿ. ಮೊದಲು ಹೊರಡುವ ಬಸ್ಸು ಯಾವುದೋ ಅದನ್ನು ಹತ್ತಿ. ನಾವು ಖಾಸಗಿ ಬಸ್ಸು ಹತ್ತಿ, ಡ್ರೈವರಿನ ಹಿಂದಿನ ಸೀಟು ಹಿಡಿದೆವು. ಕಡದಕಟ್ಟೆ ದಾಟುವಾಗ ಇನ್ನೂ ಮಂಜಿತ್ತು. ಚೈತ್ರಾ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಅದು ದೇವರ ಸ್ತೋತ್ರವಲ್ಲ, ಮಕ್ಕಳ ಕಲಿಕೆಯ ಹಂತಗಳು ಎಂದು ನನಗೆ ಗೊತ್ತಿತ್ತು. ನಾಲ್ಕು ತಿಂಗಳು ನಾನೇ ಅವಳಿಗೆ ಪ್ರಶ್ನೆ ಕೇಳಿದ್ದೆ. ಅಂಗಡಿಯಲ್ಲಿ ಗಿರಾಕಿ ಎದ್ದು ಹೋದ ಕೂಡಲೇ ಹಳೆಯ ಪ್ರಶ್ನೆಪತ್ರಿಕೆ ತೆಗೆದು ಓದುವುದು, ಅವಳು ನಾಲ್ಕು ಉತ್ತರದಲ್ಲಿ ಒಂದನ್ನು ಹೇಳುವುದು, ನಾನು ಹಿಂದಿನ ಪುಟ ತಿರುಗಿಸಿ ಸರಿಯೋ ತಪ್ಪೋ ನೋಡುವುದು. ಹೀಗೆ ಕೇಳಿ ಕೇಳಿ ಅರ್ಧ ನನಗೂ ಬಾಯಿಗೆ ಬಂದಿತ್ತು.

ಇನ್ನು ನಿಯಮಗಳು. ಪ್ರವೇಶಪತ್ರದ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತವೆ, ಯಾರೂ ಓದುವುದಿಲ್ಲ. ನಾನು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದ್ದೆ. ಪ್ರವೇಶಪತ್ರ ಎರಡು ಪ್ರತಿ, ಒಂದು ನೆನೆದರೆ ಇನ್ನೊಂದಿರಲಿ ಎಂದು. ಆಧಾರ್ ಅಸಲಿಯೇ ಬೇಕು, ಮೊಬೈಲಿನಲ್ಲಿ ತೋರಿಸಿದರೆ ನಡೆಯದು. ಬಾಲ್ ಪೆನ್ನು ಎರಡು, ಹೊಸತಲ್ಲ, ಒಂದು ವಾರ ಬರೆದು ಪಳಗಿಸಿದ್ದು. ಅರ್ಧ ತೋಳಿನ ಚೂಡಿದಾರ, ಕಾಲಿಗೆ ಹವಾಯಿ ಚಪ್ಪಲಿ. ಕೂದಲಿಗೆ ಕಬ್ಬಿಣದ ಕ್ಲಿಪ್ಪು ಬೇಡವೆಂದು ಬಟ್ಟೆಯ ಬ್ಯಾಂಡು. ನೀರಿನ ಬಾಟಲಿಯ ಮೇಲಿನ ಚೀಟಿಯನ್ನು ಕೂಡ ಕಿತ್ತಿದ್ದೆ. ಮಂಗಳಸೂತ್ರ ಮತ್ತು ಕಾಲುಂಗುರ ಬಿಟ್ಟು ಉಳಿದ ಆಭರಣ ನಿಷಿದ್ಧ ಎಂದಿತ್ತು. ಕಿವಿಯ ಓಲೆ, ಮೂಗುಬೊಟ್ಟು ಬಿಚ್ಚಿಸಿ ಮನೆಯಲ್ಲಿಟ್ಟೆ.

"ಅತ್ತೆ, ಬಳೆ?" ಎಂದು ಹಿಂದಿನ ದಿನ ಚೈತ್ರಾ ಕೇಳಿದ್ದಳು.

"ಗಾಜಿನ ಬಳೆ ಯಾವಾಗ ಆಭರಣ ಆಯ್ತೇ ಮಾರಾಯ್ತಿ? ಆಭರಣ ಅಂದ್ರೆ ಚಿನ್ನ. ನಂಗೇ ಬಳೆ ಪಾಠ ಹೇಳ್ತೀಯಾ?" ಅಂದಿದ್ದೆ.

ಇಪ್ಪತ್ತೈದು ವರ್ಷ ಬಳೆ ಮಾರಿದವಳು ಮಾತ್ರ ಮಾಡಬಹುದಾದ ತಪ್ಪು ಅದು.

ಮಾಚೇನಹಳ್ಳಿಯಲ್ಲಿ ಹೊರಗೆ ಇಣುಕಿದೆ. ನನ್ನ ಮಗ ಮಧು ಅಲ್ಲಿಯೇ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವುದು, ಅಂದು ಬೆಳಗಿನ ಪಾಳಿ. ಮಲವಗೊಪ್ಪ, ಹರಿಗೆ, ವಿದ್ಯಾನಗರ ಕಳೆದು ತುಂಗೆಯ ಸೇತುವೆ ಬಂದಾಗ ಏಳೂಹತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಎರಡೆರಡು ಇಡ್ಲಿ ತಿಂದೆವು. ವಡೆ ಬೇಡ ಅಂದೆ. ಪರೀಕ್ಷೆಯ ದಿನ ಎಣ್ಣೆ ತಿನ್ನಿಸಬೇಡಿ. ನವುಲೆಗೆ ಆಟೋದವನು ನೂರೈವತ್ತು ಅಂದ, ನಾನು ಎಂಬತ್ತು ಅಂದೆ.

"ಪರೀಕ್ಷೆ ದಿವ್ಸನೂ ಚೌಕಾಸಿ ಮಾಡ್ತೀರಲ್ಲಮ್ಮ" ಅಂದ.

"ಪರೀಕ್ಷೆ ದಿವ್ಸ ಅಂತ ನೀನು ಜಾಸ್ತಿ ಹೇಳಿಲ್ವಾ, ಹಂಗೇ" ಅಂದೆ. ನೂರಕ್ಕೆ ಬಂದ.

ಎಂಟಕ್ಕೆ ಮೊದಲೇ ಶಾಲೆಯ ಮುಂದಿದ್ದೆವು. ಸುತ್ತಲಿನ ತಾಲೂಕುಗಳಿಂದೆಲ್ಲ ಜನ ಬಂದಿದ್ದರು. ಕೂಸು ಎತ್ತಿಕೊಂಡ ಗಂಡಂದಿರು, ಬೈಕಿನ ಮೇಲೆ ಪುಸ್ತಕ ಬಿಚ್ಚಿಟ್ಟು ಓದುವ ಹುಡುಗಿಯರು. ಎಂಟೂವರೆಗೆ ತಪಾಸಣೆ ಶುರುವಾಯಿತು. ಒಂಬತ್ತಕ್ಕೆ ಗೇಟು ಮುಚ್ಚುತ್ತೇವೆ, ಆಮೇಲೆ ಯಾರು ಬಂದರೂ ಇಲ್ಲ ಎಂದು ಮೈಕಿನಲ್ಲಿ ಕೂಗಿದರು. ನಾನು ಸಾಲಿನ ಪಕ್ಕದಲ್ಲೇ ನಡೆದೆ. ಚೈತ್ರಾಳ ಸರದಿ ಬಂದಾಗ ಮಹಿಳಾ ಪೊಲೀಸ್ ಅವಳ ಕಾಗದ ನೋಡಿ, ಕೂದಲು ಮುಟ್ಟಿ ನೋಡಿ, ಕೈ ಹಿಡಿದು ನಿಂತರು.

"ಬಳೆ ತೆಗೀಬೇಕಮ್ಮ."

"ಗಾಜಿನವು ಮೇಡಂ" ಅಂದೆ ನಾನು ಹೊರಗಿನಿಂದ. "ಮದುವೆಯಾಗಿ ನಾಲ್ಕೇ ತಿಂಗಳು."

"ಗಾಜಾಗ್ಲಿ ಚಿನ್ನ ಆಗ್ಲಿ, ಬಳೆ ಬಿಡಂಗಿಲ್ಲ. ಶಬ್ದ ಆಗತ್ತೆ, ಸನ್ನೆ ಮಾಡ್ತಾರೆ ಅಂತ ಆರ್ಡರ್ ಇದೆ."

"ಕೈಗೆ ಎರಡೆರಡು ಇರ್ಲಿ ಬಿಡಿ."

ಅವರು ನನ್ನ ಮುಖ ನೋಡಿದರು. ಸಿಟ್ಟೇನೂ ಮಾಡಲಿಲ್ಲ. "ಇದೇನು ಸಂತೆನಾ ಅಮ್ಮ? ತೆಗೆದು ಬನ್ನಿ, ಲೈನ್ ಇಲ್ದೆ ಬಿಡ್ತೀನಿ. ಒಂಬತ್ತರ ಒಳಗೆ."

ಚೌಕಾಸಿ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ಎದುರಿನವರ ಕಣ್ಣು ನೋಡಿದರೆ ನನಗೆ ತಿಳಿಯುತ್ತದೆ. ಇಲ್ಲಿ ನಡೆಯುತ್ತಿರಲಿಲ್ಲ. ಗಂಟೆ ಎಂಟೂ ನಲವತ್ತು.

ತೊಂದರೆ ಏನೆಂದು ಈಗ ಹೇಳಬೇಕು. ಚೈತ್ರಾಳ ಕೈ ಅಳತೆ ಟೂ ಫೋರ್. ಮದುವೆಯಲ್ಲಿ ನಾನು ತೊಡಿಸಿದ್ದು ಅದಕ್ಕಿಂತ ಒಂದು ನಂಬರ್ ಸಣ್ಣದು, ಟೂ ಟು. ಬಿಗಿಯಾದ ಬಳೆ ಕೈಗೆ ಅಂದ, ಒಂದಕ್ಕೊಂದು ಬಡಿದು ಹಾಳಾಗುವುದೂ ಕಡಿಮೆ. ಅಲ್ಲದೆ, ಚಿಟ್ ಎಂಬ ಸದ್ದೂ ಆಗದ ಹಾಗೆ ಸಣ್ಣ ಬಳೆಯನ್ನು ದೊಡ್ಡ ಕೈಗೆ ಏರಿಸುವುದೇ ನಮ್ಮ ಕಸುಬಿನ ಹೆಮ್ಮೆ. ಮಂಟಪದಲ್ಲಿ ಹತ್ತಾರು ಹೆಂಗಸರು ನೋಡಿ ಭೇಷ್ ಅಂದಿದ್ದರು. ಮೊದಲ ಗೌರಿ ಹಬ್ಬದ ತನಕ ಆ ಹಸಿರು ಬಳೆ ತೆಗೆಯುವ ಪದ್ಧತಿಯೂ ನಮ್ಮಲ್ಲಿಲ್ಲ. ತೆಗೆಯಬೇಕಾದೀತು ಎಂದು ನಾನು ಯೋಚಿಸಿಯೇ ಇರಲಿಲ್ಲ.

ರಸ್ತೆಯಾಚೆಯ ಟೀ ಅಂಗಡಿಗೆ ಓಡಿದೆವು. ಅಂಗಡಿಯ ಯಜಮಾನರಿಗೆ ವಿಷಯ ಹೇಳಿದ್ದೇ ತಡ, ಪಾತ್ರೆ ತೊಳೆಯುವ ಸೋಪು, ಬ್ರೆಡ್ಡಿನ ಖಾಲಿ ಕವರು ಎರಡನ್ನೂ ಕೊಟ್ಟರು. ಉಪಾಯ ಬರೆದಿಟ್ಟುಕೊಳ್ಳಿ: ತೆಳು ಪ್ಲಾಸ್ಟಿಕ್ ಕವರನ್ನು ಕೈಗವಸಿನಂತೆ ತೊಡಿಸಿ, ಅದರ ಮೇಲೆ ಸೋಪಿನ ನೊರೆ ಹಚ್ಚಿ, ಹೆಬ್ಬೆರಳಿನ ಬುಡವನ್ನು ಒಳಕ್ಕೆ ಒತ್ತಿ ಹಿಡಿದು ಒಂದೊಂದೇ ಜಾರಿಸಬೇಕು. ಬಲಗೈಯ ಹನ್ನೊಂದು ಬಂದವು. ಎಡಗೈಗೆ ಶಾಸ್ತ್ರದಂತೆ ಒಂದು ಹೆಚ್ಚು, ಹನ್ನೆರಡು. ಹನ್ನೊಂದು ಬಂದವು. ಅಷ್ಟರಲ್ಲಿ ಕೈ ಕೆಂಪಗೆ ಊದಿಕೊಂಡಿತ್ತು. ಕೊನೆಯದು ಗೆಣ್ಣಿನ ಹತ್ತಿರ ನಿಂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎಂಟೂ ಐವತ್ತೆರಡು.

"ಒಡೀರಿ ಅತ್ತೆ" ಅಂದಳು.

"ಸುಮ್ನಿರು."

"ಒಡೀರಿ. ನಂಗೇನೂ ಅನ್ಸಲ್ಲ."

ಅವಳಿಗೆ ಅನಿಸುವುದಿಲ್ಲ. ನನಗೆ ಅನಿಸುತ್ತದಲ್ಲ. ಮುತ್ತೈದೆಯ ಕೈಬಳೆ ಬೇಕೆಂದೇ ಒಡೆದರೆ ಗಂಡನಿಗೆ ಕೇಡು ಎಂದು ಕೇಳಿಕೊಂಡೇ ಬೆಳೆದವಳು ನಾನು. ಆ ಗಂಡ ನನ್ನ ಮಗ. ಹನ್ನೊಂದು ವರ್ಷದ ಹಿಂದೆ ನನ್ನ ಯಜಮಾನರು ಹೋದ ದಿನ, ನನ್ನ ಕೈಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಿಡಿದವರು ಯಾರು ಎಂಬುದು ಈಗಲೂ ನೆನಪಿದೆ. ಅಂದಿನಿಂದ ಬಳೆ ಮಾರಿದ್ದೇನೆ, ತೊಟ್ಟಿಲ್ಲ. ತೊಡಿಸಿದ್ದೇನೆ, ಯಾರ ಕೈಯ ಮೇಲೂ ಒಂದನ್ನೂ ಒಡೆದಿಲ್ಲ.

ಅದರ ಜೊತೆಗೇ ಇನ್ನೊಂದು ನೆನಪು ಬಂತು. ನನ್ನ ಮದುವೆಯಾದದ್ದು ಹತ್ತನೇ ತರಗತಿಯ ಪರೀಕ್ಷೆಗೆ ಇಪ್ಪತ್ತು ದಿನ ಮುಂಚೆ. ಪರೀಕ್ಷೆ ಬರೆಸುತ್ತೇವೆ ಎಂದು ಮಾತುಕತೆಯಲ್ಲಿ ಒಪ್ಪಿದ್ದರು. ಪ್ರವೇಶಪತ್ರವೂ ಬಂದಿತ್ತು. ಆ ದಿನ ಬೆಳಗ್ಗೆ ಜಡೆ ಹಾಕಿಕೊಂಡು ಹೊಸಿಲ ತನಕ ಬಂದಿದ್ದೆ. ನನ್ನ ಅತ್ತೆ ಕೈ ಹಿಡಿದು, "ಹಸಿರು ಬಳೆ ಕೈಯಲ್ಲಿ ಯುಗಾದಿಗೆ ಮುಂಚೆ ಎಲ್ಲಿಗೂ ಹೋಗಂಗಿಲ್ಲ. ಪರೀಕ್ಷೆ ಮುಂದಿನ ವರ್ಷನೂ ಇರತ್ತೆ" ಅಂದರು. ಕೆಟ್ಟವರಲ್ಲ ಅವರು. ಮುಂದಿನ ವರ್ಷ ಮಧು ಹೊಟ್ಟೆಯಲ್ಲಿದ್ದ.

ಟೀ ಅಂಗಡಿಯವರ ಶುಂಠಿ ಕುಟ್ಟುವ ಕಲ್ಲು ಕೇಳಿ ತೆಗೆದುಕೊಂಡೆ. ಚೈತ್ರಾಳ ಗೆಣ್ಣಿಗೆ ನನ್ನ ಕರ್ಚೀಫು ಸುತ್ತಿ, ಬಳೆಯನ್ನು ಬೆಂಚಿನ ಅಂಚಿಗೆ ಆನಿಸಿ, ಒಂದೇ ಏಟು ಹಾಕಿದೆ. ಎರಡು ತುಂಡು. ರಕ್ತ ಬರಲಿಲ್ಲ. ಕಸುಬುದಾರಳ ಕೈ, ಅಲ್ಲಿಯೂ ತಪ್ಪಲಿಲ್ಲ.

ಓಡಿದಳು. ಗೇಟಿನಲ್ಲಿ ಎರಡೂ ಕೈ ಎತ್ತಿ ತೋರಿಸಿದಳು. ಪೊಲೀಸಿನವರು ನನ್ನ ಕಡೆ ನೋಡಿ ತಲೆಯಾಡಿಸಿ ಅವಳನ್ನು ಒಳಗೆ ಬಿಟ್ಟರು. ಎಂಟೂ ಐವತ್ತೇಳು. ಮೂರು ನಿಮಿಷಕ್ಕೆ ಗೇಟು ಸರಿದು ಚಿಲಕ ಬಿತ್ತು. ತಡವಾಗಿ ಓಡಿ ಬಂದ ಒಬ್ಬ ಹುಡುಗಿ ಕಬ್ಬಿಣದ ಸರಳು ಹಿಡಿದು ಅಲ್ಲೇ ಕುಸಿದು ಕೂತಳು. ನೀರು ಕೊಟ್ಟೆ. ಕುಡಿದು, ಬಂದ ದಾರಿಯಲ್ಲೇ ಹೋದಳು.

ಟೀ ಅಂಗಡಿಗೆ ಬಂದು ತುಂಡುಗಳನ್ನು ಆರಿಸಿ ಕರ್ಚೀಫಿನಲ್ಲಿ ಕಟ್ಟಿದೆ. ಪಕ್ಕದಲ್ಲಿ ಸೋಗಾನೆಯಿಂದ ಮಗಳನ್ನು ಕರೆತಂದಿದ್ದ ಒಬ್ಬಾಕೆ ಕೂತಿದ್ದರು. ಎಲ್ಲವನ್ನೂ ನೋಡಿದ್ದರು.

"ಬಳೆ ಒಡೀತು ಅನ್ಬೇಡಿ ಅಕ್ಕ, ಹೆಚ್ಚಿತು ಅನ್ನಿ" ಎಂದು ಸಮಾಧಾನ ಹೇಳಿದರು.

"ಗಿರಾಕಿಗಳಿಗೆ ನಾನೂ ಹಂಗೇ ಹೇಳೋದು ಕಣ್ರೀ" ಅಂದೆ. "ಆದ್ರೆ ಇದು ತಾನಾಗಿ ಹೆಚ್ಚಿದ್ದಲ್ಲ. ನಾನೇ ಒಡ್ದಿದ್ದು."

ಅವರು "ಒಳ್ಳೇದೇ ಮಾಡಿದ್ರಿ ಬಿಡಿ" ಅಂದು, ಡಬ್ಬಿಯಿಂದ ಒಗ್ಗರಣೆ ಅವಲಕ್ಕಿ ತೆಗೆದು ಕೊಟ್ಟರು. ಊರ ಪಕ್ಕದ ವಿಮಾನ ನಿಲ್ದಾಣದ ಸದ್ದಿಗೆ ತಮ್ಮ ಎಮ್ಮೆ ಈಗ ಬೆಚ್ಚುವುದೇ ಇಲ್ಲ, ಮಗಳು ಮಾತ್ರ ಗಡಿಯಾರದ ಸದ್ದಿಗೂ ಬೆಚ್ಚುತ್ತಾಳೆ ಎಂದು ನಗಿಸಿದರು.

ಒಂಬತ್ತೂವರೆಗೆ ಒಳಗೆ ಗಂಟೆ ಬಾರಿಸಿತು. ಹೊರಗೆ ನೂರಾರು ಜನರಿದ್ದೆವು, ಎಲ್ಲರೂ ಒಂದೇ ಸಲ ಮಾತು ನಿಲ್ಲಿಸಿದೆವು. ನಾನು ಎದ್ದು ಕಾಂಪೌಂಡಿನ ಉದ್ದಕ್ಕೂ ನಡೆದೆ. ಗೋಡೆ ತಗ್ಗಾಗಿದ್ದ ಒಂದು ಕಡೆ ಮೇಲಿನ ಮಹಡಿಯ ಕಿಟಕಿಗಳು ಕಾಣುತ್ತಿದ್ದವು. ಒಂದರಲ್ಲಿ ತಿರುಗುವ ಫ್ಯಾನು, ಅದರ ಕೆಳಗೆ ಬಗ್ಗಿದ ತಲೆಗಳ ಅಂಚು ಮಾತ್ರ. ಮೇಲ್ವಿಚಾರಕರೊಬ್ಬರು ಕಾಗದದ ಕಟ್ಟು ಹಿಡಿದು ಸಾಲಿನ ನಡುವೆ ನಡೆದರು. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಬಿಸಿಲು ನೆತ್ತಿಗೆ ಬಂದದ್ದೂ ತಿಳಿಯಲಿಲ್ಲ. ನನಗೆ ಅಂಗಡಿಯಿದೆ, ಮನೆಯಿದೆ, ಸಗಟು ವ್ಯಾಪಾರಿಗಳು ನನ್ನ ಹೆಸರು ಹೇಳಿದರೆ ಎದ್ದು ನಿಲ್ಲುತ್ತಾರೆ. ಆದರೂ ಆ ಫ್ಯಾನಿನ ಕೆಳಗೆ ಒಂದು ಗಂಟೆ ತಲೆ ಬಗ್ಗಿಸಿ ಕೂರುವುದಿತ್ತಲ್ಲ, ಅದು ಯಾವ ಸಂತೆಯಲ್ಲೂ ನನಗೆ ಸಿಗಲಿಲ್ಲ.

ಹನ್ನೆರಡಕ್ಕೆ ಗೇಟು ತೆರೆಯಿತು. ಚೈತ್ರಾ ಎಡಗೈ ಉಜ್ಜಿಕೊಳ್ಳುತ್ತಾ ಬಂದಳು.

"ಒಂದಾದ್ರೂ ಬಿಟ್ಯಾ?" ಎಂಬುದು ನನ್ನ ಮೊದಲ ಪ್ರಶ್ನೆ. ತಪ್ಪು ಉತ್ತರಕ್ಕೆ ಅಂಕ ಕಳೆಯದ ಪರೀಕ್ಷೆಯಲ್ಲಿ ಖಾಲಿ ಬಿಡುವುದು ದಡ್ಡತನ. ನಿಮ್ಮ ಮಕ್ಕಳಿಗೂ ಹೇಳಿ.

"ಒಂದೂ ಬಿಟ್ಟಿಲ್ಲ. ಗಣಿತ ಕಷ್ಟ ಇತ್ತು. ಪಾಸಾಗ್ತೀನಿ ಅನ್ಸತ್ತೆ, ಗ್ಯಾರಂಟಿ ಹೇಳಲ್ಲ."

ವಾಪಸು ಬರುವಾಗ ಸರ್ಕಾರಿ ಬಸ್ಸೇ ಸಿಕ್ಕಿತು, ಕಿಟಕಿಯ ಸೀಟೂ ಸಿಕ್ಕಿತು. ಅವಳು ಉತ್ತರ ಹಾಳೆಯ ಕಾರ್ಬನ್ ಪ್ರತಿ ತೆಗೆದು ನನ್ನ ಕೈಗೆ ಕೊಟ್ಟಳು. ಸಾಲು ಸಾಲು ಸಣ್ಣ ಸುತ್ತುಗಳು, ಒಂದೊಂದು ಸಾಲಿನಲ್ಲಿ ಒಂದು ತುಂಬಿದ್ದು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ನಾನು ಬಳೆ ಜೋಡಿಸಿದಂತೆಯೇ ಇತ್ತು.

"ಒಳಗೆ ಹೆಂಗಿತ್ತೇ?"

"ಹೆಂಗಿರತ್ತೆ ಅತ್ತೆ, ಶಾಲೆ."

"ಅಲ್ಲ, ಬೆಂಚು ಹೆಂಗಿತ್ತು? ಗಂಟೆ ಹೊಡೆದಾಗ ಏನ್ ಮಾಡಿದ್ರಿ? ನಿನ್ ನಂಬರ್ ಎಲ್ಲಿ ಬರ್ದಿದ್ರು?"

ಅವಳು ನನ್ನ ಕಡೆ ತಿರುಗಿ ನಿಧಾನವಾಗಿ ಹೇಳತೊಡಗಿದಳು. ಮರದ ಬೆಂಚು, ಅದರ ಮೇಲೆ ಯಾರೋ ಕೊರೆದ ಹೆಸರು. ಸೀಮೆಸುಣ್ಣದಲ್ಲಿ ಬರೆದ ನಂಬರು, ಅಂಗೈ ತಗುಲಿ ಅರ್ಧ ಅಳಿಸಿದ್ದು. ಪ್ರಶ್ನೆಪತ್ರಿಕೆಯ ಹೊಸ ಕಾಗದದ ವಾಸನೆ. ಪಕ್ಕದವಳು ಮೂರು ಸಲ ಸೀನಿದ್ದು. ಬಳೆಯಿಲ್ಲದೆ ಕೈ ಹಗುರ ಹಗುರ ಅನಿಸಿ, ಬರೆಯಲು ಮೊದಲು ಒಂಥರಾ ಆಗಿದ್ದು. ನಾನು ಕೇಳುತ್ತಲೇ ಹೋದೆ. ನಿದಿಗೆ ಬಂತು, ಹೋಯಿತು.

"ನಿಮ್ ನಂಬರ್ ಎಷ್ಟಿತ್ತು ಅತ್ತೆ, ಹತ್ತನೇ ಕ್ಲಾಸಿಂದು?"

ಆರು ಅಂಕಿಗಳನ್ನೂ ತಡೆಯದೆ ಹೇಳಿದೆ. ನನ್ನದೇ ಮೊಬೈಲ್ ನಂಬರು ಕೇಳಿದರೆ ನಾನು ಪುಸ್ತಕ ನೋಡಬೇಕು.

ಅವಳು ನನ್ನ ಕೈಯಿಂದ ಕಾರ್ಬನ್ ಪ್ರತಿ ತೆಗೆದು ಮಡಚಿದಳು. ಆಮೇಲೆ, "ಈಗ್ಲೂ ಖಾಸಗಿಯಾಗಿ ಕಟ್ಬಹುದು ಗೊತ್ತಾ" ಅಂದಳು.

"ಕಟ್ಬಹುದು" ಅಂದೆ. "ನನ್ನನ್ನಾದ್ರೆ ಗೇಟಲ್ಲೂ ತಡಿಯಲ್ಲ. ತೆಗ್ಯೋಕೆ ಏನೂ ಇಲ್ಲ." ನಗಿಸಲು ಹೇಳಿದ ಮಾತು. ಅವಳು ನಗಲಿಲ್ಲ. ನನ್ನ ಮಣಿಕಟ್ಟನ್ನು ಹಿಡಿದು, ಮಾಚೇನಹಳ್ಳಿ ಬರುವ ತನಕ ಹಾಗೆಯೇ ಕೂತಿದ್ದಳು.

ಭದ್ರಾವತಿಯಲ್ಲಿ ಇಳಿದಾಗ ಒಂದೂವರೆ. ಮನೆಗೆ ಹೋಗುವ ಮೊದಲೇ ಅಂಗಡಿಯ ಬಾಗಿಲು ಎತ್ತಿಸಿದೆ. ಬರಿಗೈಯಲ್ಲಿ ಅವಳನ್ನು ಮಧುವಿನ ಮುಂದೆ ನಿಲ್ಲಿಸಲು ನನಗೆ ಮನಸ್ಸಿರಲಿಲ್ಲ. ಹಸಿರು ಬಳೆಯ ಪೆಟ್ಟಿಗೆ ತೆಗೆದು, ಅವಳ ಅಳತೆಯ ಟೂ ಫೋರ್ ಬಿಟ್ಟು, ಒಂದು ನಂಬರ್ ದೊಡ್ಡದು, ಟೂ ಸಿಕ್ಸ್ ಆರಿಸಿದೆ. ಸೋಪು ಬೇಕಾಗಲಿಲ್ಲ. ಎಲ್ಲವೂ ತಾವಾಗಿ ಒಳಗೆ ಹೋದವು. ಅವಳು ಕೈ ಎತ್ತಿದಾಗ ಮೊಣಕೈಯ ತನಕ ಜಾರಿ, ಇಳಿಸಿದಾಗ ಗಲಗಲ ಅಂದವು.

"ಸಡಿಲ ಆಯ್ತಲ್ಲ ಅತ್ತೆ. ಯಾರಾದ್ರೂ ನೋಡಿದ್ರೆ ನಿಮ್ ಅಂಗಡಿ ಹೆಸ್ರಿಗೇ ಕಡಿಮೆ."

"ಆಗ್ಲಿ" ಅಂದೆ. "ಇನ್ಮೇಲೆ ಬೇಕಾದಾಗ ನೀನೇ ತೆಗ್ದಿಟ್ಟು ಹೋಗು. ನಾನು ಜೊತೆಗೆ ಬಂದ್ರೂ ಸರಿ, ಬರ್ದೇ ಇದ್ರೂ ಸರಿ."

ಕರ್ಚೀಫಿನ ಎರಡು ತುಂಡುಗಳನ್ನು ಹೊಳೆಗೆ ಬಿಡಬೇಕೆಂದುಕೊಂಡಿದ್ದೆ. ಬಿಡಲಿಲ್ಲ. ಟ್ರಂಕಿನ ತಳದಲ್ಲಿ, ನನ್ನ ಹಳೆಯ ಪ್ರವೇಶಪತ್ರದ ಮೇಲೆ ಇಟ್ಟಿದ್ದೇನೆ. ಅದು ಹಾರಿಹೋಗದಿರಲಿ ಎಂದು.