ಲಾರಿ ಕಲ್ಲು, ಬರೇ ಕಲ್ಲು

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹಿಂದಿನ ದಿನ ಕೊಂಡ ಅಯಸ್ಕಾಂತ, ಭೂತಗನ್ನಡಿ, ಪುಟ್ಟ ತಕ್ಕಡಿ ಚೀಲದಲ್ಲಿಟ್ಟುಕೊಂಡು ಬೆಳಗಿನ ಏಳರ ಬಸ್ಸಿಗೆ ಸಿರುಗುಪ್ಪಕ್ಕೆ ಹೊರಟೆ. ಶಾಲೆ ಸೇರುವ ಮುಂಚಿನ ಮಕ್ಕಳು ವಿಜ್ಞಾನವನ್ನು ಹೇಗೆ ಕಲಿಯುತ್ತಾರೆ ಎಂಬುದು ಆಗ ನಮ್ಮಂಥ ಸಂಶೋಧಕರಿಗೆ ಹಿಡಿದಿದ್ದ ಹೊಸ ಹುಚ್ಚು. ಪಾಠ ಬೇಡ, ಕೈಗೆ ವಸ್ತು ಕೊಟ್ಟು ನೋಡಿ ಎಂದು ಓದಿದ ಲೇಖನಗಳೆಲ್ಲ ಹೇಳುತ್ತಿದ್ದವು. ನಾನೂ ನಂಬಿದ್ದೆ.

ಸಿರುಗುಪ್ಪದಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ದೇಶನೂರಿನ ಅಂಗನವಾಡಿಗೆ ಹೋದೆ. ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ ಎಂದು ಕೇಳಿ ಮುಗಿಸುವ ಮೊದಲೇ ಕಾಲುವೆ ದಂಡೆಯ ಆ ಮಕ್ಕಳು ನನಗೇ ಪಾಠ ಹೇಳಿದರು. ಉಬ್ಬಿಹೋಗಿ ಬಳ್ಳಾರಿಗೆ ಮರಳಿದೆ.

ಮರುದಿನ ಕುರುಗೋಡು. ಮೂವತ್ತು ಕಿಲೋಮೀಟರೂ ಇಲ್ಲದ ದಾರಿಗೆ ಎರಡು ತಾಸು ಹಿಡಿಯಿತು; ಮುಂದೆಯೂ ಅದಿರಿನ ಲಾರಿ, ಹಿಂದೆಯೂ ಅದಿರಿನ ಲಾರಿ. ಅಂಗನವಾಡಿ ಟೀಚರ್ ಹುಸೇನಬಿ ಚಹಾ ಕೊಟ್ಟು, ಐದು ವರ್ಷದ ರೇಣುಕಾಳನ್ನು ನನ್ನೆದುರು ಕೂರಿಸಿದರು. ಹುಡುಗಿ ಅಯಸ್ಕಾಂತ ಮುಟ್ಟಲಿಲ್ಲ. ಅಂಗಳದಿಂದ ಒಂದೇ ಗಾತ್ರದ ಎರಡು ಕೆಂಪು ಕಲ್ಲು ತಂದು, ಕಣ್ಣು ಮುಚ್ಚಿ, ಅಂಗೈಗಳಲ್ಲಿ ತೂಗಿದಳು.

“ಇದು ಲಾರಿ ಕಲ್ಲು. ಇದು ಬರೇ ಕಲ್ಲು.”

ತಕ್ಕಡಿಗೆ ಹಾಕಿದರೆ ಲಾರಿ ಕಲ್ಲೇ, ಅಂದರೆ ಲಾರಿಯಿಂದ ಉದುರಿದ ಅದಿರೇ, ಭಾರ. ಹತ್ತು ಸಲ ಕಲ್ಲು ಬದಲಿಸಿದೆ, ಒಮ್ಮೆಯೂ ತಪ್ಪಲಿಲ್ಲ; ಪ್ರತಿ ಸಲವೂ ನಾನು “ಸರಿ” ಎನ್ನುವವರೆಗೆ ಕಲ್ಲು ಚಾಚಿಕೊಂಡೇ ಇರುತ್ತಿದ್ದಳು. ಕರೆದೊಯ್ಯಲು ಬಂದ ತಾಯಿ ಗಂಗಮ್ಮನಿಗೆ, “ನಿಮ್ಮ ಮಗಳದು ಬಹಳ ಜಾಣ ಕೈ” ಎಂದೆ.

“ಹೌದೇನ್ರಿ ಮೇಡಂ? ಅದಿರು ಆರಿಸಾಕ ಇಂಥಾ ಕೈನಾ ಬೇಕಂತಾರ.”

ನಾನು ನಕ್ಕೆ. ಆ ನಗು ನೆನೆದರೆ ಇಂದಿಗೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಒಂದೇ ಪರೀಕ್ಷೆಯನ್ನು ಎರಡು ದಿನ ಮಾಡುವುದು ಕ್ರಮ. ಮರುದಿನ ಮತ್ತೆ ಹೋದಾಗ ರೇಣುಕಾ ಇರಲಿಲ್ಲ. ಹುಸೇನಬಿ ನನ್ನ ಮುಖ ನೋಡದೆಯೇ ಹೇಳಿದರು:

“ಅವ್ವನ ಜೋಡಿ ಅದಿರು ಆರಿಸಾಕ ಹೋಗ್ಯಾಳ್ರಿ. ಕೂಸಿನ್ನೂ ಸಣ್ಣದೈತಿ, ಬ್ಯಾಡ ಅಂತ ನಾಕು ತಿಂಗಳಿಂದ ತಡದಿದ್ದೆ. ನೀವು ದೊಡ್ಡ ಊರಿನವ್ರು ಹೇಳಿದ್ಮ್ಯಾಲೆ ನನ್ನ ಮಾತು ಯಾರು ಕೇಳ್ತಾರ್ರಿ?”

ಊರ ಹೊರಗಿನ ಅದಿರಿನ ರಾಶಿಗೆ ಓಡಿದೆ. ಮಗುವನ್ನು ಅಂಗನವಾಡಿಗೆ ಕಳಿಸಿ ಎಂದು ಗಂಗಮ್ಮನಿಗೆ ಕೈಮುಗಿದೆ. ಆಕೆಗೆ ನನ್ನ ಮಾತೇ ಅರ್ಥವಾಗಲಿಲ್ಲ.

“ನೀವಾ ಹೇಳಿದ್ರಲ್ರೀ ಮೇಡಂ, ಜಾಣ ಕೈ ಅಂತ!”

ನನ್ನನ್ನು ಕಂಡ ರೇಣುಕಾ ಧೂಳಿನಲ್ಲೇ ಎದ್ದು ನಿಂತಳು. ಎರಡು ಕಲ್ಲು ಎತ್ತಿ, ಕಣ್ಣು ಮುಚ್ಚಿ ತೂಗಿ, ಒಂದನ್ನು ನನ್ನತ್ತ ಚಾಚಿದಳು. ನಿನ್ನೆಯಂತೆ ನಾನು “ಸರಿ” ಎನ್ನಲೆಂದು ಕಾಯುತ್ತಾ ಹಾಗೇ ನಿಂತಳು.